ಎಕ್ಸೆಲ್‌ಗೆ ಮಿಲಿಯನ್ ಗೊತ್ತು, ಕೋಟಿ ಗೊತ್ತಿಲ್ಲ: ದೊಡ್ಡ ಮೊತ್ತದ ಅಕ್ಷರಗಳ ಮಟ್ಟಿಗೆ ಒಂದು ವಿಮರ್ಶೆ

ಫ್ಲ್ಯಾಟ್ ಜಾಹೀರಾತಿನಲ್ಲಿ ‘85 ಎಲ್’ (ಲಕ್ಷ), ಅದರ ಪಕ್ಕದ್ದರಲ್ಲಿ ‘1.05 ಸಿಆರ್’ (ಕೋಟಿ). ಉದ್ಯೋಗದ ಜಾಹೀರಾತಿನಲ್ಲಿ ‘12 ಎಲ್‌ಪಿಎ’ (ವರ್ಷಕ್ಕೆ 12 ಲಕ್ಷ). ಸ್ಟಾರ್ಟ್‌ಅಪ್‌ಗೆ ಬಂದ ಬಂಡವಾಳ ‘5 ಎಂ’ (ಮಿಲಿಯನ್), ಕಂಪನಿಯ ಮೌಲ್ಯ ‘2 ಬಿ’ (ಬಿಲಿಯನ್). ಬರೆಯುವವರು ಯಾರೇ ಆಗಲಿ, ಲೆಕ್ಕ ಕೂಡಿಸುವ ಹೊತ್ತಿಗೆ ಇವೆಲ್ಲ ಬಂದು ಬೀಳುವುದು ಎಕ್ಸೆಲ್ ಹಾಳೆಗೇ. ಹಾಗಾಗಿ ಈ ವಿಮರ್ಶೆ ಎಕ್ಸೆಲ್‌ನ ಒಂದೇ ಮೂಲೆಯದ್ದು: ದೊಡ್ಡ ಮೊತ್ತವನ್ನು ಮೊಟಕು ಮಾಡಿ, ಪಕ್ಕದಲ್ಲೊಂದು ಅಕ್ಷರ ಹಾಕಿ ತೋರಿಸುವ ಕೆಲಸಕ್ಕೆ ಅದು ಎಷ್ಟು ನಂಬಿಕಸ್ಥ ಎಂಬುದು. ಇಲ್ಲಿ ಹೇಳುವುದೆಲ್ಲ ವಿಂಡೋಸ್‌ನ ಡೆಸ್ಕ್‌ಟಾಪ್ ಎಕ್ಸೆಲ್ ಬಗ್ಗೆ. ಅಗತ್ಯವಿದ್ದ ಕಡೆ ಲೆಕ್ಕಪತ್ರದ ತಂತ್ರಾಂಶ ಟ್ಯಾಲಿ, ಎಕ್ಸೆಲ್‌ನಂಥದ್ದೇ ಆದ ಲಿಬ್ರೆಆಫೀಸ್ ಕ್ಯಾಲ್ಕ್ ಜೊತೆ ಹೋಲಿಸಿದ್ದೇವೆ.

ಅಂಕ ಮೊದಲೇ ಕೊಟ್ಟುಬಿಡೋಣ. ಸಾವಿರ, ಮಿಲಿಯನ್, ಬಿಲಿಯನ್ ಲೆಕ್ಕದವರಿಗೆ ಐದಕ್ಕೆ ನಾಲ್ಕೂವರೆ. ಲಕ್ಷ–ಕೋಟಿ ಲೆಕ್ಕದವರಿಗೆ ಎರಡೂವರೆ. ಅದೂ ಕೆಳಗಿನ ಕೈಚಳಕ ಕಲಿತುಕೊಂಡರೆ.

ಒಂದು ಅಲ್ಪವಿರಾಮಕ್ಕೆ ಮೂರು ಸೊನ್ನೆ

ಒಂದು ಸೆಲ್‌ನಲ್ಲಿ 2500000 ಎಂದಿದೆ ಅಂದುಕೊಳ್ಳಿ. ಕಂಟ್ರೋಲ್ ಮತ್ತು 1 ಒತ್ತಿದರೆ ಫಾರ್ಮ್ಯಾಟ್ ಸೆಲ್ಸ್ ತೆರೆಯುತ್ತದೆ. ನಂಬರ್ ಟ್ಯಾಬ್‌ನಲ್ಲಿ ಎಡಗಡೆಯ ಪಟ್ಟಿಯ ಕೊನೆಗೆ ಕಸ್ಟಮ್ ಇದೆ. ಅಲ್ಲಿನ ಟೈಪ್ ಪೆಟ್ಟಿಗೆಯಲ್ಲಿ ಹೀಗೆ ಬರೆಯಿರಿ:

0.0,"ಕೆ"

ಸೆಲ್‌ನಲ್ಲಿ ‘2500.0ಕೆ’ ಎಂದು ಕಾಣುತ್ತದೆ. ಅಂಕಿಗಳ ಕೊನೆಯಲ್ಲಿ ಬರುವ ಒಂದೊಂದು ಅಲ್ಪವಿರಾಮವೂ ಮೊತ್ತವನ್ನು ಸಾವಿರದಿಂದ ಭಾಗಿಸಿ ತೋರಿಸುತ್ತದೆ. ಎರಡು ಹಾಕಿದರೆ ಮಿಲಿಯನ್, ಮೂರಕ್ಕೆ ಬಿಲಿಯನ್, ನಾಲ್ಕಕ್ಕೆ ಟ್ರಿಲಿಯನ್:

0.0,,"ಎಂ"

ಈಗ ‘2.5ಎಂ’. ಸೆಲ್‌ನ ಒಳಗಿನ ಮೊತ್ತ 2500000 ಆಗಿಯೇ ಇರುತ್ತದೆ. ಕೂಡಿಸುವುದು, ಭಾಗಿಸುವುದು ಎಲ್ಲ ಪೂರ್ತಿ ಸಂಖ್ಯೆಯ ಮೇಲೆಯೇ ನಡೆಯುತ್ತದೆ. ಬದಲಾಗಿದ್ದು ಮೇಲಿನ ಅಂಗಿ ಮಾತ್ರ. ಇಷ್ಟು ಸರಳವಾದ, ಲೆಕ್ಕ ಕೆಡಿಸದ ಸೌಲಭ್ಯ ಎಕ್ಸೆಲ್‌ನಲ್ಲಿ ಹೆಚ್ಚಿಲ್ಲ.

ಅಕ್ಷರ ಇಂಗ್ಲಿಷಿನದ್ದಾಗಲಿ ಕನ್ನಡದ್ದಾಗಲಿ, ಉದ್ಧರಣ ಚಿಹ್ನೆಯೊಳಗೇ ಇರಬೇಕು. ಇಂಗ್ಲಿಷಿನ ಎಂ ಅಕ್ಷರ ಬರಿದಾಗಿ ನಿಂತರೆ ಎಕ್ಸೆಲ್ ಅದನ್ನು ತಿಂಗಳು ಅಥವಾ ನಿಮಿಷದ ಗುರುತು ಎಂದು ತಿಳಿದು ಕೋಡ್ ಕೆಡಿಸುತ್ತದೆ. ಉದ್ಧರಣ ಚಿಹ್ನೆ ನೆಟ್ಟಗಿರುವುದೇ ಆಗಬೇಕು. ವರ್ಡ್‌ನಿಂದಲೋ ವಾಟ್ಸ್‌ಆ್ಯಪ್‌ನಿಂದಲೋ ನಕಲು ಮಾಡಿದಾಗ ಅದು ಬಾಗಿದ ಚಿಹ್ನೆಯಾಗಿರುತ್ತದೆ, ಕೋಡ್ ಓಡುವುದಿಲ್ಲ. ಎಷ್ಟೋ ಜನ ‘ಕೋಡೇ ತಪ್ಪು’ ಎಂದು ಕೈಬಿಡುವುದು ಈ ಕಾರಣಕ್ಕೆ.

ಲಕ್ಷಕ್ಕೆ ಅಲ್ಪವಿರಾಮ ಸಾಲದು

ಲಕ್ಷದಲ್ಲಿ ಐದು ಸೊನ್ನೆ, ಕೋಟಿಯಲ್ಲಿ ಏಳು. ಎರಡೂ ಮೂರರ ಮಗ್ಗಿಯಲ್ಲಿ ಬರುವುದಿಲ್ಲ, ಎಕ್ಸೆಲ್‌ನ ಅಲ್ಪವಿರಾಮಕ್ಕೆ ಗೊತ್ತಿರುವುದು ಮೂರರ ಮಗ್ಗಿ ಮಾತ್ರ. ಫಾರ್ಮ್ಯಾಟ್ ಪಟ್ಟಿಯಲ್ಲಿ ಎಷ್ಟು ಹುಡುಕಿದರೂ ‘ಲಕ್ಷದಲ್ಲಿ ತೋರಿಸು’ ಎಂಬ ಆಯ್ಕೆ ಸಿಗುವುದಿಲ್ಲ. ಭಾರತದಲ್ಲಿ ಇಷ್ಟು ಬಳಕೆಯಿರುವ ತಂತ್ರಾಂಶಕ್ಕೆ ಇದು ಸಣ್ಣ ಕೊರತೆಯಲ್ಲ.

ದಾರಿ ಇದೆ. ಸಾವಿರದಿಂದ ಭಾಗಿಸಿದ ಮೇಲೆ ಇನ್ನು ನೂರರಿಂದ ಭಾಗಿಸಿದರೆ ಲಕ್ಷ. ಆ ನೂರರ ಭಾಗಾಕಾರವನ್ನು ಎಕ್ಸೆಲ್ ಮಾಡುವುದಿಲ್ಲವಾದರೆ ನಾವೇ ಎರಡಂಕಿ ಬಿಟ್ಟು ಒಂದು ಚುಕ್ಕೆ ಇಟ್ಟುಬಿಡಬಹುದು. ಹಿಮ್ಮುಖ ಓರೆಗೆರೆಯ ನಂತರ ಬರುವ ಚುಕ್ಕೆ ಎಕ್ಸೆಲ್‌ಗೆ ದಶಮಾಂಶವಲ್ಲ, ಬರೀ ಚಿತ್ರ:

0\.00," ಲಕ್ಷ"

1234567 ಇದ್ದರೆ ಅಲ್ಪವಿರಾಮ ಅದನ್ನು 1235 ಸಾವಿರ ಎಂದು ಮಾಡುತ್ತದೆ. ನಮ್ಮ ಚುಕ್ಕೆ ಮಧ್ಯೆ ಕೂತು ‘12.35 ಲಕ್ಷ’ ಎಂದು ಓದಿಸುತ್ತದೆ. ಐವತ್ತು ಸಾವಿರವಿದ್ದರೆ ‘0.50 ಲಕ್ಷ’. ಕೋಟಿಗೂ ಇದೇ ಉಪಾಯ, ಚುಕ್ಕೆಯ ನಂತರ ನಾಲ್ಕು ಸೊನ್ನೆ. ಒಂದೇ ಅಂಕಿ ಸಾಕೆಂದರೆ ಎರಡು ಅಲ್ಪವಿರಾಮ ಮತ್ತು ಒಂದು ಸೊನ್ನೆ:

0\.0000," ಕೋಟಿ"
0\.0,," ಕೋಟಿ"

1,23,45,678 ಮೊದಲನೆಯದರಲ್ಲಿ ‘1.2346 ಕೋಟಿ’, ಎರಡನೆಯದರಲ್ಲಿ ‘1.2 ಕೋಟಿ’. ಬೇಕಾದ ಎರಡು ದಶಮಾಂಶ ಮಾತ್ರ ಈ ಉಪಾಯದಲ್ಲಿ ಸಿಗುವುದಿಲ್ಲ. ಒಂದು, ಇಲ್ಲವೇ ನಾಲ್ಕು. ಫ್ಲ್ಯಾಟ್ ಬೆಲೆಯ ಪಟ್ಟಿಗೆ ಒಂದು ದಶಮಾಂಶ ಅಪಾಯಕಾರಿ: 1.05 ಕೋಟಿ, ಅಂದರೆ ಒಂದು ಕೋಟಿ ಐದು ಲಕ್ಷ, ಅದರಲ್ಲಿ 1.1 ಆಗಿ ಕಾಣುತ್ತದೆ, ಅದಕ್ಕಿಂತ ಸ್ವಲ್ಪ ಕಡಿಮೆಯದು 1.0 ಆಗಿ. ಐದು ಲಕ್ಷ ಹೀಗೆ ಕಣ್ಣಿಂದ ಮರೆಯಾಗುವುದು ಒಳ್ಳೆಯದಲ್ಲ.

ಮೊತ್ತಕ್ಕೆ ತಕ್ಕಂತೆ ತಾನೇ ಅಕ್ಷರ ಬದಲಿಸಿಕೊಳ್ಳಬೇಕೆಂದರೆ ಷರತ್ತು ಸೇರಿಸಬೇಕು:

[>=10000000]0\.0000," ಕೋಟಿ";[>=100000]0\.00," ಲಕ್ಷ";#,##0

ಕೋಟಿ ದಾಟಿದ್ದು ಕೋಟಿಯಲ್ಲಿ, ಲಕ್ಷ ದಾಟಿದ್ದು ಲಕ್ಷದಲ್ಲಿ, ಉಳಿದದ್ದು ಇದ್ದ ಹಾಗೆ. ನೋಡಲು ಅಂದ. ಆದರೆ ಎಡವುವ ಜಾಗಗಳಿವೆ.

ಮೊದಲನೆಯದು ಗಡಿಯಲ್ಲಿ. 99,99,999 ರೂಪಾಯಿ ಕೋಟಿ ದಾಟಿಲ್ಲ, ಆದ್ದರಿಂದ ಲಕ್ಷದ ಸಾಲಿಗೆ ಹೋಗುತ್ತದೆ. ಅಲ್ಲಿ ಸಾವಿರಕ್ಕೆ ಸರಿಹೊಂದಿಸುವಾಗ 10000 ಆಗಿ ‘100.00 ಲಕ್ಷ’ ಎಂದು ಮುದ್ರಣವಾಗುತ್ತದೆ. ತಪ್ಪೇನಲ್ಲ, ಆದರೆ ಪಕ್ಕದ ಸಾಲಿನ ‘1.0000 ಕೋಟಿ’ ಜೊತೆ ನೋಡಿದವರು ಪ್ರಶ್ನೆ ಕೇಳುತ್ತಾರೆ.

ಎರಡನೆಯದು ಗಂಭೀರ: ಋಣ ಸಂಖ್ಯೆ. ಎಕ್ಸೆಲ್ ಒಂದು ಫಾರ್ಮ್ಯಾಟ್‌ನಲ್ಲಿ ಎರಡೇ ಷರತ್ತು ಒಪ್ಪುತ್ತದೆ, ಮೂರನೆಯ ಭಾಗ ‘ಉಳಿದದ್ದೆಲ್ಲ’. ನಷ್ಟದ 3 ಕೋಟಿ ಸೊನ್ನೆಗಿಂತ ಕಡಿಮೆಯಾದ್ದರಿಂದ ಆ ಉಳಿದದ್ದರಲ್ಲಿ ಸೇರಿ ಪೂರ್ತಿ ಅಂಕಿಗಳಲ್ಲಿ ಬಂದು ನಿಲ್ಲುತ್ತದೆ. ಲಾಭದ ಸಾಲೆಲ್ಲ ‘2.1000 ಕೋಟಿ’, ನಷ್ಟದ ಸಾಲು ಮಾತ್ರ ಎಂಟಂಕಿ. ಇದಕ್ಕೆ ಪರಿಹಾರ ಕಂಡಿಷನಲ್ ಫಾರ್ಮ್ಯಾಟಿಂಗ್. ಹೋಮ್ ಟ್ಯಾಬ್‌ನಲ್ಲಿ ಹೊಸ ನಿಯಮ ಮಾಡಿ, ಸೆಲ್‌ನ ಬೆಲೆ −1,00,00,000 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕೋಟಿಯ ಕೋಡ್, ಅದರ ಕೆಳಗೆ −1,00,000 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಲಕ್ಷದ ಕೋಡ್ ಕೊಡಿ. ಕೋಟಿಯ ನಿಯಮ ಪಟ್ಟಿಯಲ್ಲಿ ಮೇಲಿರಲಿ. ಈ ನಿಯಮದ ಫಾರ್ಮ್ಯಾಟ್ ಸೆಲ್‌ನ ಮೂಲ ಫಾರ್ಮ್ಯಾಟ್ ಅನ್ನು ಮೀರಿ ಕೂರುತ್ತದೆ. ಹಾಕಿದ ಮೇಲೆ ಒಂದು ಋಣ ಸಂಖ್ಯೆ ಬರೆದು ಮೈನಸ್ ಚಿಹ್ನೆ ಕಾಣುತ್ತಿದೆಯೇ ನೋಡಿಕೊಳ್ಳಿ. ಮೈನಸ್ ಕಳೆದುಹೋದ ನಷ್ಟದ ಪಟ್ಟಿಗಿಂತ ಕೆಟ್ಟದ್ದು ಬೇರೊಂದಿಲ್ಲ.

ಮೂರನೆಯದು ಬಹಳ ದೊಡ್ಡ ಮೊತ್ತಗಳದ್ದು. ಕರ್ನಾಟಕದ 2025-26ರ ಬಜೆಟ್ ಗಾತ್ರ 4,09,549 ಕೋಟಿ. ಅದನ್ನು ರೂಪಾಯಿಯಲ್ಲಿ ಬರೆದು ಮೇಲಿನ ಕೋಡ್ ಹಾಕಿದರೆ ‘409549.0000 ಕೋಟಿ’ ಎಂದು ಬರುತ್ತದೆ. ನಡುವೆ ಅಲ್ಪವಿರಾಮವಿಲ್ಲ, ಬೇಡದ ನಾಲ್ಕು ಸೊನ್ನೆ ಇದೆ. ಅಲ್ಪವಿರಾಮಗಳನ್ನೂ ಓರೆಗೆರೆಯ ಜೊತೆ ಕೈಯಾರೆ ಇಡಬಹುದು:

#\,##\,##0\.0,," ಕೋಟಿ"

ಈಗ ‘4,09,549.0 ಕೋಟಿ’. ಆದರೆ ಅದೇ ಕಾಲಂನಲ್ಲಿ 12.3 ಕೋಟಿಯ ಬಾಬತ್ತು ಇದ್ದರೆ ಅದು ‘,,12.3 ಕೋಟಿ’ ಆಗುತ್ತದೆ. ಚಿತ್ರವಾಗಿ ಇಟ್ಟ ಚಿಹ್ನೆಯನ್ನು ಎಕ್ಸೆಲ್ ಎಂದೂ ಬಿಡುವುದಿಲ್ಲ, ಎಡಗಡೆ ಅಂಕಿ ಇರಲಿ ಬಿಡಲಿ.

ತಮಾಷೆಯೆಂದರೆ ಲಕ್ಷ ಕೋಟಿಗೆ ಯಾವ ಕೈಚಳಕವೂ ಬೇಡ. ಅದರಲ್ಲಿ ಹನ್ನೆರಡು ಸೊನ್ನೆ, ನಾಲ್ಕು ಅಲ್ಪವಿರಾಮಕ್ಕೆ ಸರಿಯಾಗಿ ಕೂರುತ್ತದೆ:

0.00,,,," ಲಕ್ಷ ಕೋಟಿ"

ಬಜೆಟ್ ‘4.10 ಲಕ್ಷ ಕೋಟಿ’ ಎಂದು ನೇರವಾಗಿ, ನಿಜವಾದ ದಶಮಾಂಶದೊಂದಿಗೆ ಬರುತ್ತದೆ. ಸರ್ಕಾರದ ಲೆಕ್ಕಕ್ಕೆ ಎಕ್ಸೆಲ್ ಒಗ್ಗುತ್ತದೆ, ಅಂಗಡಿ ಲೆಕ್ಕಕ್ಕೆ ಒಗ್ಗುವುದಿಲ್ಲ!

ಕೋಟಿಗೆ ಇನ್ನೊಂದು ಉಪಾಯವನ್ನೂ ಲೆಕ್ಕಿಗರು ಬಳಸುತ್ತಾರೆ. ಮೂರು ಅಲ್ಪವಿರಾಮ ಹಾಕಿದರೆ ಒಂಬತ್ತು ಸೊನ್ನೆ ಹೋಗುತ್ತದೆ, ಶೇಕಡಾ ಚಿಹ್ನೆ ನೂರರಿಂದ ಗುಣಿಸಿ ಎರಡು ಸೊನ್ನೆ ಹಿಂದಕ್ಕೆ ತರುತ್ತದೆ. ಉಳಿಯುವುದು ಏಳು, ಅಂದರೆ ಕೋಟಿ. ಕೋಡ್‌ನಲ್ಲಿ 0.00,,, ಬರೆದು, ಕಂಟ್ರೋಲ್ ಮತ್ತು ಜೆ ಒತ್ತಿ ಕೆಳಸಾಲಿಗೆ ಇಳಿದು, ಅಲ್ಲಿ % ಹಾಕಬೇಕು. ಆಮೇಲೆ ಸೆಲ್‌ಗೆ ರ‍್ಯಾಪ್ ಟೆಕ್ಸ್ಟ್ ಕೊಟ್ಟು ಸಾಲಿನ ಎತ್ತರವನ್ನು ಒಂದೇ ಗೆರೆಗೆ ಬಿಗಿ ಮಾಡಿದರೆ ಚಿಹ್ನೆ ಅಡಗಿಕೊಳ್ಳುತ್ತದೆ. ಎರಡು ದಶಮಾಂಶ ಸಿಗುವುದು ಇದರ ದೊಡ್ಡ ಲಾಭ. ಯಾರಾದರೂ ಸಾಲಿನ ಎತ್ತರ ಹೆಚ್ಚಿಸಿದರೆ ಅಥವಾ ಪಟ್ಟಿಯನ್ನು ವರ್ಡ್‌ಗೆ ನಕಲು ಮಾಡಿದರೆ ಅಡಗಿದ್ದ ಶೇಕಡಾ ಹೊರಗೆ ಬರುತ್ತದೆ. ನಿಮ್ಮ ಕೈಯಲ್ಲೇ ಉಳಿಯುವ ಹಾಳೆಗೆ ಸರಿ, ಬ್ಯಾಂಕಿಗೆ ಕಳಿಸುವುದಕ್ಕೆ ಬೇಡ.

ಅಲ್ಪವಿರಾಮದ ಜಾಗ ಕಂಪ್ಯೂಟರಿನ ಮರ್ಜಿ

12,34,567 ಎಂದು ಬರುವ ಬದಲು 1,234,567 ಎಂದು ಬಂದರೆ ದೋಷ ಹಾಳೆಯದ್ದಲ್ಲ, ವಿಂಡೋಸ್‌ನ ರೀಜನ್ ಸೆಟ್ಟಿಂಗ್‌ನದ್ದು. ಕಂಟ್ರೋಲ್ ಪ್ಯಾನೆಲ್‌ನಲ್ಲಿ ರೀಜನ್ ತೆರೆದು, ಅಡಿಷನಲ್ ಸೆಟ್ಟಿಂಗ್ಸ್, ನಂಬರ್ಸ್ ಟ್ಯಾಬ್, ಅಲ್ಲಿ ಡಿಜಿಟ್ ಗ್ರೂಪಿಂಗ್ ಎಂಬಲ್ಲಿ 12,34,56,789 ಆರಿಸಿ. ಕರೆನ್ಸಿ ಟ್ಯಾಬ್‌ನಲ್ಲೂ ಇದೇ ಆಯ್ಕೆ ಪ್ರತ್ಯೇಕವಾಗಿದೆ, ಅದನ್ನೂ ಬದಲಿಸಬೇಕು. ಎಕ್ಸೆಲ್ ಮುಚ್ಚಿ ತೆರೆಯಿರಿ. ಇಡೀ ರೀಜನ್ ಅನ್ನೇ ಭಾರತಕ್ಕೆ ಬದಲಿಸಿದರೂ ಆಗುತ್ತದೆ, ಆದರೆ ಆಗ ದಿನಾಂಕದ ಕ್ರಮವೂ ಬದಲಾಗುತ್ತದೆ ಎಂಬುದು ನೆನಪಿರಲಿ.

ಇದರ ತೊಡಕು: ಈ ಏರ್ಪಾಡು ಫೈಲ್ ಜೊತೆ ಹೋಗುವುದಿಲ್ಲ. ಹುಬ್ಬಳ್ಳಿಯಲ್ಲಿ 12,34,567 ಎಂದು ಕಂಡಿದ್ದು ನ್ಯೂಜೆರ್ಸಿಯಲ್ಲಿ ತೆರೆದಾಗ 1,234,567 ಆಗಿರುತ್ತದೆ. ಲಿಬ್ರೆಆಫೀಸ್ ಕ್ಯಾಲ್ಕ್ ಈ ವಿಷಯದಲ್ಲಿ ಮುಂದಿದೆ. ಅದರಲ್ಲಿ ಸೆಲ್ ಫಾರ್ಮ್ಯಾಟ್‌ನೊಳಗೇ ಭಾಷೆಯನ್ನು ಇಂಗ್ಲಿಷ್ (ಭಾರತ) ಎಂದು ಆರಿಸಿದರೆ ಎರಡೆರಡಂಕಿಯ ಗುಂಪು ಆ ಸೆಲ್‌ಗೇ ಅಂಟಿಕೊಳ್ಳುತ್ತದೆ. ಹಣ ಕೊಡದೆ ಸಿಗುವ ತಂತ್ರಾಂಶಕ್ಕೆ ಬರುವ ಬುದ್ಧಿ ಎಕ್ಸೆಲ್‌ಗೆ ಏಕೆ ಬಂದಿಲ್ಲವೋ.

ಅಕ್ಷರವನ್ನು ಕೈಯಿಂದ ಟೈಪ್ ಮಾಡಿದ ಹಾಳೆ

ಎಲ್ಲಕ್ಕಿಂತ ಹೆಚ್ಚು ಕಾಣುವ ಕಾಯಿಲೆ ಇದು. ಯಾರೋ ಸೆಲ್‌ನಲ್ಲಿ ‘85 ಎಲ್’, ‘1.05 ಸಿಆರ್’ ಎಂದು ಇಂಗ್ಲಿಷಿನಲ್ಲಿ ನೇರವಾಗಿ ಬರೆದಿರುತ್ತಾರೆ. ಎಕ್ಸೆಲ್‌ಗೆ ಅದು ಸಂಖ್ಯೆಯಲ್ಲ, ಬರಹ. ಸೆಲ್‌ನ ಎಡಕ್ಕೆ ಅಂಟಿಕೊಂಡು ಕೂತಿರುವುದೇ ಗುರುತು. ಸಮ್ ಫಂಕ್ಷನ್ ಬರಹವನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ, ಎಚ್ಚರಿಕೆಯನ್ನೂ ಕೊಡುವುದಿಲ್ಲ. ಒಟ್ಟು ಮೊತ್ತದಲ್ಲಿ ಅಕ್ಷರವಿಲ್ಲದ ಸಾಲುಗಳು ಮಾತ್ರ ಸೇರಿರುತ್ತವೆ.

ಇದನ್ನು ಸರಿಪಡಿಸಲು ಸೂತ್ರ ಬರೆಯಬೇಕಿಲ್ಲ. ವಿಜ್ಞಾನದ ರೀತಿಯಲ್ಲಿ ಬರೆದ ಸಂಖ್ಯೆಯನ್ನು ಎಕ್ಸೆಲ್ ಒಪ್ಪುತ್ತದೆ: 1.05 ಆದಮೇಲೆ ಇಂಗ್ಲಿಷಿನ ಇ ಅಕ್ಷರ, ಆಮೇಲೆ 7 ಎಂದಿದ್ದರೆ ಏಳು ಸ್ಥಾನ ಮುಂದೆ, ಅಂದರೆ 1,05,00,000. ಹಾಗಾಗಿ ಕಂಟ್ರೋಲ್ ಮತ್ತು ಎಚ್ ಒತ್ತಿ ‘ಸಿಆರ್’ ಇರುವಲ್ಲೆಲ್ಲ ಇ7, ‘ಎಲ್’ ಇರುವಲ್ಲಿ ಇ5, ‘ಕೆ’ಗೆ ಇ3, ‘ಎಂ’ಗೆ ಇ6, ‘ಬಿ’ಗೆ ಇ9 ಎಂದು ಬದಲಿಸಿದರೆ ಬರಹವೆಲ್ಲ ಸಂಖ್ಯೆಯಾಗಿ ಬಲಕ್ಕೆ ಸರಿಯುತ್ತದೆ.

ಕ್ರಮ ತಪ್ಪಬಾರದು. ಮೊದಲು ಖಾಲಿ ಜಾಗ ಮತ್ತು ರೂಪಾಯಿ ಚಿಹ್ನೆ ತೆಗೆಯಿರಿ. ವೆಬ್‌ನಿಂದ ತಂದ ಪಟ್ಟಿಯಲ್ಲಿ ಖಾಲಿ ಜಾಗದಂತೆ ಕಾಣುವ ಬೇರೊಂದು ಅಕ್ಷರ ಇರುತ್ತದೆ, ಸ್ಪೇಸ್ ಬಾರ್ ಒತ್ತಿ ಹುಡುಕಿದರೆ ಸಿಗದು. ಅದನ್ನು ಸೆಲ್‌ನಿಂದಲೇ ನಕಲು ಮಾಡಿ ಹುಡುಕುವ ಪೆಟ್ಟಿಗೆಯಲ್ಲಿ ಅಂಟಿಸಬೇಕು. ಆಮೇಲೆ ಉದ್ದದ್ದು ಮೊದಲು, ಗಿಡ್ಡದ್ದು ನಂತರ. ‘ಕ್ರೋರ್ಸ್’, ‘ಕ್ರೋರ್’, ಚುಕ್ಕೆಯಿರುವ ‘ಸಿಆರ್.’ ಮುಗಿದ ಮೇಲೆ ಬರಿಯ ‘ಸಿಆರ್’. ‘ಲ್ಯಾಕ್ಸ್’, ‘ಲಾಖ್’ ಮುಗಿದ ಮೇಲೆ ಒಂಟಿ ‘ಎಲ್’. ಎರಡು ಎಂ ಇರುವುದು ಮುಗಿದ ಮೇಲೆ ಒಂದು ಎಂ. ಮೊತ್ತದ ಕಾಲಂ ಒಂದನ್ನೇ ಆರಿಸಿಕೊಂಡು ಬದಲಿಸಿ, ಇಲ್ಲದಿದ್ದರೆ ಪಕ್ಕದ ಕಾಲಂನ ಬಳ್ಳಾರಿಯ ಎರಡೂ ಎಲ್‌ಗಳು ಇ5 ಆಗುತ್ತವೆ. ಕಾಲಂ ಟೆಕ್ಸ್ಟ್ ಎಂದು ಫಾರ್ಮ್ಯಾಟ್ ಆಗಿದ್ದರೆ ಮೊದಲು ಜನರಲ್‌ಗೆ ತನ್ನಿ.

ಮುಂದೆಯೂ ಬೇರೆ ಬೇರೆ ಮಾನದಲ್ಲಿ ಮಾಹಿತಿ ಬರುತ್ತಲೇ ಇರುತ್ತದೆ ಎಂದಾದರೆ ಒಂದು ಕಾಲಂನಲ್ಲಿ ಸಂಖ್ಯೆ, ಇನ್ನೊಂದರಲ್ಲಿ ಅಕ್ಷರ ಎಂದು ಬೇರ್ಪಡಿಸಿ. ಅಕ್ಷರದ ಕಾಲಂಗೆ ಡೇಟಾ ವ್ಯಾಲಿಡೇಷನ್‌ನ ಪಟ್ಟಿ ಕೊಡಿ. ಪಕ್ಕದ ಹಾಳೆಯಲ್ಲಿ ಕೆ 1,000, ಎಲ್ 1,00,000, ಎಂ 10,00,000, ಸಿಆರ್ 1,00,00,000, ಬಿ 100,00,00,000 ಎಂದು ಕೋಷ್ಟಕ ಇಟ್ಟು, ಅಕ್ಷರಕ್ಕೆ ತಕ್ಕ ಅಂಕಿಯನ್ನು ಅಲ್ಲಿಂದ ಹುಡುಕಿ ತರುವ ವಿಲುಕಪ್ ಫಂಕ್ಷನ್‌ನಿಂದ ಗುಣಿಸಿದರೆ ಮೂರನೆಯ ಕಾಲಂನಲ್ಲಿ ರೂಪಾಯಿ ಸಿಗುತ್ತದೆ. ವಿಲುಕಪ್‌ನ ಕೊನೆಯ ಮೌಲ್ಯ ಫಾಲ್ಸ್ ಇರಲಿ.

ಟ್ಯಾಲಿಯಿಂದ ಬಂದ ‘ಸಿಆರ್’ ಕೋಟಿಯಲ್ಲ

ಮೇಲಿನ ಬದಲಾವಣೆಯನ್ನು ಟ್ಯಾಲಿಯಿಂದ ಎಕ್ಸ್‌ಪೋರ್ಟ್ ಮಾಡಿದ ಹಾಳೆಯ ಮೇಲೆ ಮಾತ್ರ ಮಾಡಬೇಡಿ. ಅಲ್ಲಿ ‘5,00,000 ಸಿಆರ್’ ಎಂದರೆ ಐದು ಲಕ್ಷ ಕ್ರೆಡಿಟ್. ಲೆಕ್ಕಶಾಸ್ತ್ರದಲ್ಲಿ ಆ ಎರಡಕ್ಷರ ಜಮೆಗೆ ಮೀಸಲು, ‘ಡಿಆರ್’ ಖರ್ಚಿನ ಬದಿಗೆ. ಒಂದೇ ಕಚೇರಿಯಲ್ಲಿ ಮಾರಾಟದವರು ಅದನ್ನು ಕೋಟಿಗೆ, ಲೆಕ್ಕದವರು ಕ್ರೆಡಿಟ್‌ಗೆ ಬಳಸುತ್ತಿರುತ್ತಾರೆ.

ಟ್ಯಾಲಿ ಎಕ್ಸ್‌ಪೋರ್ಟ್‌ನಲ್ಲಿ ಇನ್ನೂ ಒಂದು ತೊಡಕು ಇದೆ. ಡಿಆರ್, ಸಿಆರ್ ಎಂಬುದು ಸೆಲ್‌ನ ಬರಹದಲ್ಲಿ ಇರುವುದಿಲ್ಲ, ನಂಬರ್ ಫಾರ್ಮ್ಯಾಟ್‌ನಲ್ಲಿ ಇರುತ್ತದೆ. ಒಳಗಿನ ಸಂಖ್ಯೆಗಳೆಲ್ಲ ಧನ. ಹಾಗಾಗಿ ಸಮ್ ಹಾಕಿದರೆ ಜಮೆಯೂ ಖರ್ಚೂ ಒಟ್ಟಿಗೆ ಕೂಡಿಹೋಗುತ್ತವೆ. ಟ್ರಯಲ್ ಬ್ಯಾಲೆನ್ಸ್‌ನಂತೆ ಡೆಬಿಟ್, ಕ್ರೆಡಿಟ್ ಬೇರೆ ಬೇರೆ ಕಾಲಂನಲ್ಲಿ ಬರುವ ವರದಿಯನ್ನೇ ಎಕ್ಸ್‌ಪೋರ್ಟ್ ಮಾಡುವುದು ಎಲ್ಲಕ್ಕಿಂತ ಸುಲಭ. ಆಗಲೇ ಹಾಳೆ ಕೈಗೆ ಬಂದಿದ್ದರೆ ಕಂಟ್ರೋಲ್ ಮತ್ತು ಎಫ್, ಆಪ್ಷನ್ಸ್, ಫಾರ್ಮ್ಯಾಟ್ ಗುಂಡಿಯ ಬಾಣದಲ್ಲಿ ಸೆಲ್‌ನಿಂದ ಫಾರ್ಮ್ಯಾಟ್ ಆರಿಸುವ ಆಯ್ಕೆ. ಒಂದು ಸಿಆರ್ ಸೆಲ್ ತೋರಿಸಿ ಫೈಂಡ್ ಆಲ್ ಕೊಟ್ಟು, ಕಂಟ್ರೋಲ್ ಮತ್ತು ಎ ಒತ್ತಿದರೆ ಅಂಥ ಸೆಲ್‌ಗಳೆಲ್ಲ ಆಯ್ಕೆಯಾಗುತ್ತವೆ. ಅವುಗಳಿಗೆ ಯಾವುದಾದರೂ ಬಣ್ಣ ಹಚ್ಚಿ, ಹುಡುಕುವ ಪೆಟ್ಟಿಗೆಯನ್ನು ಮುಚ್ಚಿ. ಖಾಲಿ ಸೆಲ್‌ನಲ್ಲಿ −1 ಬರೆದು ನಕಲು ಮಾಡಿ, ಬಣ್ಣದ ಸೆಲ್‌ಗಳ ಮೇಲೆ ಪೇಸ್ಟ್ ಸ್ಪೆಷಲ್‌ನಲ್ಲಿ ವ್ಯಾಲ್ಯೂಸ್ ಮತ್ತು ಮಲ್ಟಿಪ್ಲೈ ಎರಡನ್ನೂ ಆರಿಸಿ ಅಂಟಿಸಿ.

ಲಕ್ಷ–ಕೋಟಿ ತೋರಿಸುವ ಕೆಲಸವನ್ನೇ ತೆಗೆದುಕೊಂಡರೆ ಬೆಂಗಳೂರಿನ ಟ್ಯಾಲಿ ಎಕ್ಸೆಲ್‌ಗಿಂತ ಎಷ್ಟೋ ಮೇಲು. ವರದಿ ತೆರೆದು ಎಫ್12 ಒತ್ತಿದರೆ ಸ್ಕೇಲ್ ಫ್ಯಾಕ್ಟರ್ ಫಾರ್ ವ್ಯಾಲ್ಯೂಸ್ ಎಂಬಲ್ಲಿ ಸಾವಿರ, ಲಕ್ಷ, ಕೋಟಿ, ಮಿಲಿಯನ್ ಎಲ್ಲ ಹೆಸರು ಹಿಡಿದೇ ಇವೆ.

ಕಾಣುವುದು ಒಂದು, ಹೊರಗೆ ಹೋಗುವುದು ಇನ್ನೊಂದು

ಫಾರ್ಮ್ಯಾಟ್ ಅಂಗಿ ಮಾತ್ರ ಎಂದೆವು. ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಬರೀ ಬರಹದ ಫೈಲ್) ಆಗಿ ಉಳಿಸುವಾಗ ಈ ಮಾತು ತಲೆಕೆಳಗಾಗುತ್ತದೆ. ಸಿಎಸ್‌ವಿಗೆ ಹೋಗುವುದು ಕಣ್ಣಿಗೆ ಕಾಣುವ ರೂಪ. 1234567 ಇದ್ದದ್ದು ‘12.35 ಲಕ್ಷ’ ಎಂಬ ಬರಹವಾಗಿ ಉಳಿಯುತ್ತದೆ, ಮೂಲ ಅಂಕಿ ಮರಳಿ ಬರುವುದಿಲ್ಲ. ಸಿಎಸ್‌ವಿ ಯುಟಿಎಫ್-8 ಆರಿಸದಿದ್ದರೆ ‘ಲಕ್ಷ’ದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು. ಬ್ಯಾಂಕಿಗೋ ಬೇರೆ ತಂತ್ರಾಂಶಕ್ಕೋ ಏರಿಸುವ ಸಿಎಸ್‌ವಿ ಮಾಡುವ ಮುನ್ನ ಮೊತ್ತದ ಕಾಲಂಗಳನ್ನು ಜನರಲ್‌ಗೆ ತರುವುದು ಕಡ್ಡಾಯ ಎಂದೇ ಇಟ್ಟುಕೊಳ್ಳಿ.

ಒಂದೇ ಪತ್ರವನ್ನು ಹಲವರ ಹೆಸರಿಗೆ ಮಾಡಿಕೊಡುವ ವರ್ಡ್‌ನ ಮೇಲ್ ಮರ್ಜ್ ಇದಕ್ಕೆ ತದ್ವಿರುದ್ಧ. ಅದು ಅಂಗಿ ಬಿಟ್ಟು ಒಳಗಿನ ಸಂಖ್ಯೆಯನ್ನೇ ಎಳೆದುಕೊಳ್ಳುತ್ತದೆ. ನೂರು ಪತ್ರಗಳಲ್ಲಿ ‘12.35 ಲಕ್ಷ’ ಬರಬೇಕಾದಲ್ಲಿ 1234567 ಬರುತ್ತದೆ. ಪತ್ರಕ್ಕೆಂದೇ, ಸಂಖ್ಯೆಯನ್ನು ಅಂಗಿ ಸಮೇತ ಬರಹವಾಗಿಸುವ ಟೆಕ್ಸ್ಟ್ ಫಂಕ್ಷನ್‌ನ ಒಂದು ಕಾಲಂ ಮಾಡಿಟ್ಟರೆ ಸರಿ.

ಆ ಟೆಕ್ಸ್ಟ್ ಫಂಕ್ಷನ್‌ಗೆ ಜರ್ಮನಿಯಲ್ಲಿ ಇನ್ನೊಂದು ಸಮಸ್ಯೆ. ಅಲ್ಲಿನ ವಿಂಡೋಸ್‌ನಲ್ಲಿ ದಶಮಾಂಶಕ್ಕೆ ಅಲ್ಪವಿರಾಮ, ಸಾವಿರಕ್ಕೆ ಚುಕ್ಕೆ. ಸೆಲ್ ಫಾರ್ಮ್ಯಾಟ್ ಅನ್ನು ಎಕ್ಸೆಲ್ ತಾನೇ ಆ ಊರಿಗೆ ಹೊಂದಿಸಿಕೊಳ್ಳುತ್ತದೆ, ಟೆಕ್ಸ್ಟ್ ಫಂಕ್ಷನ್‌ನ ಒಳಗೆ ಬರೆದ ಕೋಡ್ ಅನ್ನು ಮುಟ್ಟುವುದಿಲ್ಲ. ಬೆಂಗಳೂರಲ್ಲಿ ಸರಿಯಿದ್ದ ಹಾಳೆ ಮ್ಯೂನಿಕ್‌ನಲ್ಲಿ ಬೇರೆ ಅಂಕಿ ತೋರಿಸುತ್ತದೆ. ಎರಡೂ ಕಡೆ ಓಡಬೇಕಾದ ಹಾಳೆಯಲ್ಲಿ ಮೊತ್ತವನ್ನು 100000ದಿಂದ ಭಾಗಿಸಿ, ರೌಂಡ್ ಮಾಡಿ, & ಚಿಹ್ನೆಯಿಂದ " ಲಕ್ಷ" ಸೇರಿಸಿ. 12.50 ಎಂಬುದು 12.5 ಆಗಿ ಬರುತ್ತದೆ, ಅಷ್ಟೇ ನಷ್ಟ.

ಕೂಡಿಸಿದ ಮೊತ್ತ ಹೊಂದದೆ ಇರುವ ದೂರು ಎಲ್ಲೆಡೆ ಇರುವುದೇ. 2,34,400 ರೂಪಾಯಿಯ ಮೂರು ಬಾಬತ್ತು ತಲಾ 2.34 ಲಕ್ಷ ಎಂದು ಕಾಣುತ್ತವೆ. ಕೂಡಿದರೆ 7,03,200, ಅಂದರೆ 7.03 ಲಕ್ಷ. ಕ್ಯಾಲ್ಕ್ಯುಲೇಟರ್ ಹಿಡಿದವರಿಗೆ ಸಿಗುವುದು 7.02. ಇದನ್ನು ಸರಿಪಡಿಸುತ್ತೇವೆಂದು ಎಕ್ಸೆಲ್ ಆಪ್ಷನ್ಸ್‌ನ ಸೆಟ್ ಪ್ರಿಸಿಷನ್ ಆ್ಯಸ್ ಡಿಸ್‌ಪ್ಲೇಯ್ಡ್ ಅನ್ನು ಆರಿಸಬೇಡಿ. ಅದು ಇಡೀ ಫೈಲಿನ ಮೂಲ ಅಂಕಿಗಳನ್ನೇ ಕತ್ತರಿಸುತ್ತದೆ, ಹಿಂದಕ್ಕೆ ತರಲು ಆಗದು. ಪಟ್ಟಿಯ ಕೆಳಗೆ ಒಂದು ಸಾಲಿನ ಟಿಪ್ಪಣಿ ಹಾಕಿದರೆ ಸಾಕು.

ಪಿವಟ್ ಟೇಬಲ್‌ನಲ್ಲಿ (ಎಕ್ಸೆಲ್ ತಾನೇ ಮಾಡಿಕೊಡುವ ಸಾರಾಂಶ ಕೋಷ್ಟಕ) ಹಾಕಿದ ಅಕ್ಷರ ರಿಫ್ರೆಶ್ ಮಾಡಿದಾಗ ಉದುರುತ್ತದೆ ಎನ್ನುವವರು ಬಲ ಕ್ಲಿಕ್ ಮಾಡಿದಾಗ ಬರುವ ಫಾರ್ಮ್ಯಾಟ್ ಸೆಲ್ಸ್ ಬಿಟ್ಟು, ಅದರ ಹತ್ತಿರವೇ ಇರುವ ನಂಬರ್ ಫಾರ್ಮ್ಯಾಟ್ ಬಳಸಬೇಕು.

ಚಾರ್ಟ್‌ನಲ್ಲಿ ಮಾತ್ರ ಲಕ್ಷ ಅಡಗಿಕೊಂಡಿದೆ

ಚಾರ್ಟ್‌ನ ಲಂಬ ಅಕ್ಷದ ಮೇಲೆ ಎರಡು ಬಾರಿ ಕ್ಲಿಕ್ ಮಾಡಿ, ಆ್ಯಕ್ಸಿಸ್ ಆಪ್ಷನ್ಸ್‌ನಲ್ಲಿ ಡಿಸ್‌ಪ್ಲೇ ಯೂನಿಟ್ಸ್ ಪಟ್ಟಿ ನೋಡಿ. ಥೌಸಂಡ್ಸ್, ಮಿಲಿಯನ್ಸ್, ಬಿಲಿಯನ್ಸ್ ನಡುವೆ 100000 ಮತ್ತು 10000000 ಎಂಬ ಬರೀ ಅಂಕಿಗಳು ಕೂತಿವೆ. ಅವೇ ನಮ್ಮ ಲಕ್ಷ ಮತ್ತು ಕೋಟಿ, ಹೆಸರಿಲ್ಲದೆ. ಆರಿಸಿದರೆ ಅಕ್ಷದ ಪಕ್ಕದಲ್ಲಿ × 100000 ಎಂಬಂಥ ಪಟ್ಟಿ ಬರುತ್ತದೆ. ಅದರ ಮೇಲೆ ಕ್ಲಿಕ್ ಮಾಡಿ ಅಳಿಸಿ ‘₹ ಲಕ್ಷಗಳಲ್ಲಿ’ ಎಂದು ಬರೆಯಬಹುದು. ಚಾರ್ಟ್ ಮಾಡಿದವರಿಗೆ ಹೊಳೆದದ್ದು ಸೆಲ್ ಫಾರ್ಮ್ಯಾಟ್ ಮಾಡಿದವರಿಗೆ ಹೊಳೆಯಲಿಲ್ಲ.

ಯಾವ ಅಕ್ಷರ, ಯಾರಿಗೆ

ಎಂ ಒಂದೇ ಇದ್ದರೆ ಸಾಮಾನ್ಯವಾಗಿ ಮಿಲಿಯನ್. ಆದರೆ ರೋಮನ್ ಅಂಕಿಯಲ್ಲಿ ಅದು ಸಾವಿರ, ಆ ರೂಢಿ ಬ್ಯಾಂಕಿಂಗ್ ಮತ್ತು ಇಂಧನ ವ್ಯವಹಾರದಲ್ಲಿ ಇನ್ನೂ ಉಳಿದಿದೆ. ಅಲ್ಲಿ ಮಿಲಿಯನ್‌ಗೆ ಎಂಎಂ, ಸಾವಿರದ ಸಾವಿರ ಎಂಬ ಲೆಕ್ಕ. ಸರಕು ವಿನಿಮಯ ಕೇಂದ್ರ ಎಂಸಿಎಕ್ಸ್‌ನಲ್ಲಿ ನೈಸರ್ಗಿಕ ಅನಿಲದ ಒಂದು ಲಾಟ್ 1,250 ಎಂಎಂಬಿಟಿಯು (ಬಿಟಿಯು ಎಂದರೆ ಶಾಖದ ಒಂದು ಅಳತೆ). ಅದರಲ್ಲಿನ ಎಂಎಂ ಇದೇ. ಅಮೆರಿಕದ ಗ್ರಾಹಕರಿಗೆ ಕಳಿಸುವ ಹಾಳೆಯಲ್ಲಿ ಕೆ ಜೊತೆ ಎಂ ಬಳಸಿದರೆ ಗೊಂದಲವಿಲ್ಲ. ಅವರು ಸಾವಿರಕ್ಕೆ ಎಂ ಬರೆಯುವವರೇ ಎಂದು ಮಾತ್ರ ಮೊದಲೇ ಕೇಳಿಕೊಳ್ಳಿ.

ಬಿ ಇನ್ನೂ ಸೂಕ್ಷ್ಮ. ಬ್ರಿಟನ್ ಸರ್ಕಾರ 1974ರಲ್ಲಿ ಬಿಲಿಯನ್ ಎಂದರೆ ಸಾವಿರ ಮಿಲಿಯನ್, ಅಂದರೆ ನಮ್ಮ 100 ಕೋಟಿ ಎಂದು ಸ್ಥಿರಪಡಿಸಿತು. ಅದಕ್ಕೂ ಹಿಂದಿನ ಬ್ರಿಟಿಷ್ ಬರಹದಲ್ಲಿ ಅದು ಲಕ್ಷ ಕೋಟಿಯೂ ಆಗಿರಬಹುದು. ಜರ್ಮನ್ ಭಾಷೆಯಲ್ಲಿ ಈಗಲೂ ಬಿಲಿಯೋನ್ ಎಂದರೆ ಲಕ್ಷ ಕೋಟಿಯೇ, 100 ಕೋಟಿಗೆ ಅವರು ಮಿಲಿಯಾರ್ಡೆ ಎನ್ನುತ್ತಾರೆ, ಎಂಆರ್‌ಡಿ ಎಂದು ಮೊಟಕು ಮಾಡುತ್ತಾರೆ. ಅಲ್ಲಿನ ಸಹೋದ್ಯೋಗಿ ‘ಬಿ’ಯನ್ನು ತನ್ನ ಭಾಷೆಯಲ್ಲಿ ಓದಿಕೊಂಡರೆ ವ್ಯತ್ಯಾಸ ಸಾವಿರ ಪಟ್ಟು.

ಅಷ್ಟು ದೂರ ಏಕೆ, ಬೆಂಗಳೂರಲ್ಲೇ ಇನ್ಫೋಸಿಸ್ ತನ್ನ ರೂಪಾಯಿ ಲೆಕ್ಕವನ್ನು ಕೋಟಿಯಲ್ಲಿ ಕೊಡುತ್ತದೆ, ವಿಪ್ರೊ ರೂಪಾಯಿಯನ್ನೇ ಮಿಲಿಯನ್‌ನಲ್ಲಿ ಕೊಡುತ್ತದೆ. ಎರಡನ್ನೂ ಒಂದೇ ಹಾಳೆಗೆ ತರುವವರು ವಿಪ್ರೊದ ಅಂಕಿಗಳನ್ನು ಹತ್ತರಿಂದ ಭಾಗಿಸದಿದ್ದರೆ ಅದು ಹತ್ತುಪಟ್ಟು ದೊಡ್ಡ ಕಂಪನಿಯಾಗಿ ಕಾಣುತ್ತದೆ. ಎರಡೂ ಕಡೆ ಮಾನ ಬರೆದಿರುವುದು ಕೋಷ್ಟಕದ ತಲೆಯಲ್ಲಿ, ಚಿಕ್ಕ ಅಕ್ಷರದಲ್ಲಿ.

ಕಂಪನಿಗಳ ವಾರ್ಷಿಕ ಲೆಕ್ಕಕ್ಕೆ ಕಾನೂನೇ ಮಾನವನ್ನು ಕಟ್ಟಿಹಾಕಿದೆ. ಕಂಪನಿಗಳ ಕಾಯ್ದೆ 2013ರ ಮೂರನೇ ಅನುಸೂಚಿ, 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಒಟ್ಟು ಆದಾಯ 100 ಕೋಟಿಗಿಂತ ಕಡಿಮೆಯಿದ್ದರೆ ನೂರು, ಸಾವಿರ, ಲಕ್ಷ ಅಥವಾ ಮಿಲಿಯನ್‌ಗೆ, 100 ಕೋಟಿ ಅಥವಾ ಅದಕ್ಕೂ ಹೆಚ್ಚಿದ್ದರೆ ಲಕ್ಷ, ಮಿಲಿಯನ್ ಅಥವಾ ಕೋಟಿಗೆ ಸರಿಹೊಂದಿಸಲೇಬೇಕು. ಒಮ್ಮೆ ಹಿಡಿದ ಮಾನವನ್ನು ಇಡೀ ಲೆಕ್ಕಪತ್ರದಲ್ಲಿ ಬಿಡುವಂತಿಲ್ಲ. ಅಂದರೆ ಒಂದು ಸಾಲು ಕೋಟಿ, ಇನ್ನೊಂದು ಸಾಲು ಲಕ್ಷ ಎಂದು ಬದಲಾಗುವ ಆ ಅಂದದ ಷರತ್ತಿನ ಕೋಡ್ ಇಲ್ಲಿ ನಡೆಯುವುದಿಲ್ಲ. ಅದರ ಜಾಗ ಮಾಲೀಕರು ಬೆಳಿಗ್ಗೆ ಒಮ್ಮೆ ಕಣ್ಣಾಡಿಸುವ ಡ್ಯಾಶ್‌ಬೋರ್ಡ್, ಅಷ್ಟೇ.

ಆಡಿಟರ್‌ಗೆ, ಬ್ಯಾಂಕಿಗೆ ಹೋಗುವ ಹಾಳೆಯಲ್ಲಿ ಸೆಲ್‌ಗೆ ಅಕ್ಷರವೇ ಬೇಡ. ಮೂಲ ರೂಪಾಯಿಗಳ ಹಾಳೆ ಒಂದು, ಅದನ್ನು 100000ದಿಂದ ಭಾಗಿಸುವ ಸೂತ್ರಗಳ ಹಾಳೆ ಇನ್ನೊಂದು, ಫಾರ್ಮ್ಯಾಟ್ ಬರೀ 0.00, ಕಾಲಂ ತಲೆಯ ಮೇಲೆ ‘₹ ಲಕ್ಷಗಳಲ್ಲಿ’. ಪುಟ ಒಂದಕ್ಕಿಂತ ಹೆಚ್ಚಿದ್ದರೆ ಪೇಜ್ ಲೇಔಟ್‌ನ ಪ್ರಿಂಟ್ ಟೈಟಲ್ಸ್‌ನಲ್ಲಿ ಆ ತಲೆಸಾಲನ್ನು ಪ್ರತಿ ಪುಟದಲ್ಲೂ ಬರುವಂತೆ ಆರಿಸಿ. ಇಲ್ಲದಿದ್ದರೆ ಎರಡನೇ ಪುಟ ಮಾತ್ರ ಕೈಗೆ ಸಿಕ್ಕವರಿಗೆ 12.35 ಎಂದರೆ ಹನ್ನೆರಡು ರೂಪಾಯಿ ಮೂವತ್ತೈದು ಪೈಸೆ.